ಐದೂವರೆಯ ಹಗಲು

ಪಾವಗಡದ ತಾಲ್ಲೂಕು ಕಚೇರಿಯ ಎದುರು ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಅರ್ಜಿ ಟೈಪು ಮಾಡಿಕೊಡುವುದೂ ಅಲ್ಲೇ. ಪಹಣಿ ತಿದ್ದುಪಡಿಯಿಂದ ಹಿಡಿದು ಕೋಳಿ ಫಾರಂ ಲೈಸೆನ್ಸಿನವರೆಗೆ ನಾನು ಟೈಪಿಸದ ಅರ್ಜಿಯಿಲ್ಲ. ಅವುಗಳಲ್ಲಿ ಎಷ್ಟು ಮಂಜೂರಾದವು ಎಂದು ಮಾತ್ರ ಯಾರೂ ಕೇಳಬಾರದು. ಇಂಥ ಅನುಭವಸ್ಥನ ಮುಂದೆ ಹೋದ ವರ್ಷ ಬಲಸಮುದ್ರದ ಕೊಲ್ಲಾಪುರಮ್ಮ ಬಂದು ಕೂತು, ತನ್ನ ಕೇಂದ್ರಕ್ಕೆ ನೋಂದಣಿ ಮಾಡಿಸಬೇಕು ಎಂದರು.

ಕೇಂದ್ರ ಅಂದರೆ ಅವರ ಮನೆಯ ಪಕ್ಕದ ಕುರಿದೊಡ್ಡಿ. ಮೇವಿನ ಬಯಲೆಲ್ಲ ಸೋಲಾರ್ ಪಾರ್ಕಿಗೆ ಹೋದ ಮೇಲೆ ಮನೆಯವರು ಕುರಿ ಮಾರಿದ್ದರು, ದೊಡ್ಡಿ ಖಾಲಿ ಬಿದ್ದಿತ್ತು. ಕೊಲ್ಲಾಪುರಮ್ಮನಿಗೆ ಕದರಪ್ಪ ಅಂತ ಒಬ್ಬ ತಮ್ಮ. ಮೂವತ್ತು ದಾಟಿದ ಆಳು, ಆದರೆ ಕಣ್ಣು ತಪ್ಪಿದರೆ ಸಿಕ್ಕಿದ ದಾರಿ ಹಿಡಿದು ಹೋಗಿಬಿಡುವವನು. ತಾಯಿ ತೀರಿಕೊಂಡಾಗಿನಿಂದ ಅವನ ಕಾವಲು ಅಕ್ಕನದು. ಊರಿನ ಹೆಂಗಸರಿಗೆ ಆ ಪಾರ್ಕಿನಲ್ಲಿ ಪ್ಯಾನಲ್ ತೊಳೆಯುವ ಕೆಲಸ ಸಿಕ್ಕಿದಾಗ, ಮನೆಯಲ್ಲಿ ಇಂಥ ಮಕ್ಕಳಿದ್ದವರು, ಹೆಂಗೂ ಒಬ್ಬುನ್ನ ನೋಡ್ಕಂತೀಯಲ್ಲ, ನಮ್ದೂ ಒಂದಿರ್ಲಿ ಎಂದು ತಂದು ಬಿಡತೊಡಗಿದರು. ಒಂದೊಂದಾಗಿ ದೊಡ್ಡಿ ಮತ್ತೆ ತುಂಬಿತು. ಆಕೆ ನೆಲಕ್ಕೆ ಸಿಮೆಂಟು ಹಾಕಿಸಿದರು. ಪ್ಯಾನಲ್‌ಗಳು ಬಂದಿದ್ದ ಪ್ಯಾಕಿಂಗ್ ಮರ ತಂದು ಗಾಲಿಕುರ್ಚಿಗೆ ಇಳಿಜಾರು ಮಾಡಿಸಿದರು.

ಆಗ ಬಂತು ನೋಟಿಸು. ನೋಂದಣಿಯಿಲ್ಲದೆ ವಿಶೇಷಚೇತನರ ಕೇಂದ್ರ ನಡೆಸುವಂತಿಲ್ಲ, ಮಾಡಿಸಿ ಇಲ್ಲವೇ ಮುಚ್ಚಿ. ಮುಚ್ಚಿದರೆ ಆ ತಾಯಂದಿರು ಕೆಲಸ ಬಿಡಬೇಕು, ಇಲ್ಲವೇ ಮಕ್ಕಳನ್ನು ಒಳಗೆ ಕೂಡಿ ಬೀಗ ಹಾಕಿ ಹೋಗಬೇಕು. ಮೊದಮೊದಲು ಕೆಲವರು ಹಾಗೇ ಮಾಡುತ್ತಿದ್ದರು.

ನಾನು ಗತ್ತಿನಿಂದ ಟೈಪಿಸುತ್ತಾ ಹೋದೆ. ‘ಕೇಂದ್ರದ ವೇಳೆ’ ಎಂಬ ಕಾಲಂ ಬಂದಾಗ ಕೇಳುವ ಗೋಜಿಗೇ ಹೋಗದೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕು ಎಂದು ಹೊಡೆದೆ.

“ಅದು ತಪ್ಪು ಕಣಣ್ಣ. ಐದೂವರೆಯಿಂದ ಹತ್ತೂವರೆ.”

ಬಿಸಿಲಿಗೆ ಕಾದ ಪ್ಯಾನಲ್‌ನ ಗಾಜಿನ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದಂತೆ. ಅದಕ್ಕೇ ತೊಳೆಯುವ ಕೆಲಸ ಹೊತ್ತು ಹುಟ್ಟುವ ಮೊದಲೇ ಶುರು. ನಾನು ನನ್ನ ಅನುಭವವನ್ನೆಲ್ಲ ಧಾರೆಯೆರೆದೆ. ಕಚೇರಿಯವರಿಗೆ ಹತ್ತು ನಾಲ್ಕು ಅಂದರೇನೇ ಅರ್ಥವಾಗುವುದು, ಕಾಗದದಲ್ಲಿ ಅದಿರಲಿ, ನೀವು ತೆಗೆಯುವ ಹೊತ್ತಿಗೆ ತೆಗೆಯಿರಿ, ದೇಶ ನಡೆಯುತ್ತಿರುವುದೇ ಹೀಗೆ ಎಂದೆ. ಆಕೆ ಕೇಳಿಸಿಕೊಂಡು ಹೇಳಿದರು:

“ಆರ್ ಗಂಟೇಲಿ ಒಂದ್ ಮಗೀಗೆ ಫಿಟ್ಸ್ ಬಂತು ಅಂದ್ಕಳಣ್ಣ. ಎತ್ಕಂಡ್ ಆಸ್ಪತ್ರೆಗೋದೆ. ಮಗ ಎಲ್ಲಿತ್ತು ಅಂತ ಕೇಳ್ತಾರೆ. ನನ್ತಾವ ಅಂತೀನಿ. ನಿನ್ ಕಾಗ್ದ ಏನಂತದೆ? ಇನ್ನೂ ಬಾಗ್ಲೇ ತೆಗ್ದಿಲ್ಲ ಅಂತದೆ. ಆಗ ಆ ಮಗ ಯಾರ್ದು?”

ನನ್ನ ಬೆರಳು ತಾನಾಗಿಯೇ ಬ್ಯಾಕ್‌ಸ್ಪೇಸ್ ಒತ್ತಿತು.

ಅರ್ಜಿ ಜಿಲ್ಲೆಯ ಕಚೇರಿಗೆ ಹೋಯಿತು. ತಪಾಸಣೆಗೆಂದು ನರಸಿಂಹರಾಜು ಎಂಬ ಅಧಿಕಾರಿ ತುಮಕೂರಿನಿಂದ ಬಸ್ಸು ಹಿಡಿದು ಬಂದು ಬಲಸಮುದ್ರ ಮುಟ್ಟುವಷ್ಟರಲ್ಲಿ ಮಟಮಟ ಮಧ್ಯಾಹ್ನ. ತಾಯಂದಿರು ಮಕ್ಕಳನ್ನು ಕರೆದುಕೊಂಡು ಹೋಗಿ ಆಗಲೇ ಉಣ್ಣಿಸುತ್ತಿದ್ದರು. ದೊಡ್ಡಿಯಲ್ಲಿ ಕದರಪ್ಪನೊಬ್ಬನೇ ಗೊರಕೆ ಹೊಡೆಯುತ್ತಿದ್ದ. ಅಧಿಕಾರಿ, ‘ತಪಾಸಣೆಯ ವೇಳೆ ಫಲಾನುಭವಿಗಳು ಕಂಡುಬಂದಿಲ್ಲ’ ಎಂದು ಬರೆದುಕೊಂಡು ಹೋದರು.

ಈಗ ಊರಿಗೆ ಊರೇ ಸಲಹೆ ಕೊಡಲು ನಿಂತಿತು. ಮುಂದಿನ ಸಲ ಸಾಹೇಬರು ಬರುವ ದಿನ ಮಕ್ಕಳನ್ನು ಮಧ್ಯಾಹ್ನದವರೆಗೆ ಹಿಡಿದಿಟ್ಟುಕೊಂಡರಾಯಿತು ಎಂದು ಪಂಚಾಯಿತಿ ಮೆಂಬರು ಹೇಳಿದರು. ನಾನೂ ಹೇಳಿದೆ. ಆಕೆ ಒಪ್ಪಲಿಲ್ಲ. ಹತ್ತೂವರೆಗೆ ಅಮ್ಮಂದಿರ ಗಾಡಿಯ ಸದ್ದು ಕೇಳಿದರೆ ಮಕ್ಕಳು ಬಾಗಿಲಲ್ಲಿರುತ್ತಾರೆ, ಆಮೇಲೆ ಅಮ್ಮನ ಹತ್ತಿರ ಹೋಗಗೊಡದೆ ತಡೆದು ಕೂರಿಸಿದರೆ ಗೋಡೆಗೆ ತಲೆ ಚಚ್ಚಿಕೊಳ್ಳುವವರೂ ಇದ್ದಾರೆ, ಸಾಹೇಬರಿಗೆ ತೋರಿಸಲು ಅವರನ್ನು ಯಾಕೆ ಅಳಿಸಲಿ ಎಂದರು. ಮೆಂಬರಿಗೆ ಸಿಟ್ಟು ಬಂತು. ಹಂಗಾದ್ರೆ ಲೈಸನ್ನು ನಿನ್ನ ಮನೆ ಬಾಗ್ಲಿಗೆ ನಡ್ಕಂಡ್ ಬರ್ತದೆ ಕಾಯ್ತಾ ಇರು ಎಂದು ಎದ್ದು ಹೋದರು.

ಆಕೆ ಕಾಯಲಿಲ್ಲ, ತುಮಕೂರಿಗೆ ಹೊರಟರು. ಕಚೇರಿಯಲ್ಲಿ ಮಾತಾಡಲು ಒಬ್ಬರು ಬೇಕಲ್ಲ ಎಂದು ನಾನೂ ಬಸ್ಸು ಹತ್ತಿದೆ. ದಾರಿಯಲ್ಲಿ ವಾದವನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮಧುಗಿರಿ ಬರುವಷ್ಟರಲ್ಲಿ ನಿದ್ದೆ ಬಂತು.

ನರಸಿಂಹರಾಜು ಕೆಟ್ಟವರಲ್ಲ. ನಿಯಮದ ಪುಸ್ತಕ ತೆಗೆದು, ಬೆರಳಿಟ್ಟು ತೋರಿಸಿದರು. ನೀವು ಕೇಳಿರುವುದು ಹಗಲು ಪಾಲನಾ ಕೇಂದ್ರ. ಧನುರ್ಮಾಸದಲ್ಲಿ ಐದೂವರೆಗೆ ಕತ್ತಲು. ಕತ್ತಲಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವುದಾದರೆ ಅದು ವಸತಿ ಕೇಂದ್ರ, ಅದಕ್ಕೆ ವಾರ್ಡನ್ ಬೇಕು, ಮಂಚ ಬೇಕು, ಕಾಂಪೌಂಡ್ ಬೇಕು. ನಾನು ಗಂಟಲು ಸರಿಮಾಡಿಕೊಂಡೆ. ಆದರೆ ಹಗಲು ಎಂದರೆ ಏನು ಎಂಬ ವಿಷಯದಲ್ಲಿ, ಎಂಟಕ್ಕೆ ಏಳುವ ನನಗೆ ಹೇಳಲು ಏನೂ ಇರಲಿಲ್ಲ. ಕೊಲ್ಲಾಪುರಮ್ಮನೇ ಮಾತಾಡಿದರು.

“ಕತ್ಲಲ್ಲೇ ಬಂದ್ ನೋಡಿ ಸಾ. ನೋಡಿದ್ ಮ್ಯಾಲೂ ಇದು ಹಗ್ಲಲ್ಲ ಅಂತ ನಿಮ್ಗನ್ಸಿದ್ರೆ, ನಾನೇ ಬಾಗ್ಲಾಕಿ ಬೀಗದ ಕೈ ಕೊಟ್ಬುಡ್ತೀನಿ.”

ಹಾಗೆ ಹೇಳಿ ಆಚೆ ಬಂದಾಗ ಆಕೆಯ ಮುಖ ಬಿಳುಚಿಕೊಂಡಿತ್ತು. ಬಸ್ಸಿನಲ್ಲಿ ಪಾವಗಡದವರೆಗೂ ಸೆರಗಿನ ಗಂಟಿನಲ್ಲಿದ್ದ ಬೀಗದ ಕೈಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು.

ಅಧಿಕಾರಿ ಬಂದರು. ಹಿಂದಿನ ಸಂಜೆಯೇ ಪಾವಗಡಕ್ಕೆ ಬಂದು ಉಳಿದರು. ಬೆಳಗಿನ ಜಾವ ಅವರನ್ನು ಸ್ಕೂಟರಿನಲ್ಲಿ ಕರೆದೊಯ್ಯುವ ಭಾರ ನನ್ನ ಮೇಲೆ ಬಿತ್ತು. ಚಳಿಗೆ ಇಬ್ಬರೂ ಮಫ್ಲರ್ ಸುತ್ತಿಕೊಂಡು ದೊಡ್ಡಿಯ ಮುಂದೆ ಇಳಿದಾಗ ಯಾರ ಮುಖವೂ ಯಾರಿಗೂ ಕಾಣುತ್ತಿರಲಿಲ್ಲ. ಕೆಲಸದವರ ಟೆಂಪೋ ಹಾರನ್ ಹೊಡೆಯುತ್ತಿತ್ತು. ಲಕ್ಷ್ಮೀದೇವಿ ಎಂಬಾಕೆ ಮಗಳು ಮಧುಶ್ರೀಯನ್ನು ಎಳೆದುಕೊಂಡು ಓಡಿ ಬಂದಳು. ಬಾಗಿಲಲ್ಲಿ ನಿಂತಿದ್ದ ಸಾಹೇಬರನ್ನು ಯಾರೋ ಕೇಂದ್ರದ ಕೆಲಸಕ್ಕೆ ಬಂದ ಹೊಸಬ ಎಂದುಕೊಂಡು, ಮಗುವಿನ ಕೈಯನ್ನು ಅವರ ಕೈಗಿಟ್ಟಳು.

“ಪಟ್ಕೋ ಅನ್ನಾ, ಬಂಡಿ ಪೋತಾದಿ.”

ಹಿಡಿದುಕೋ, ಗಾಡಿ ಹೋಗುತ್ತೆ ಎಂದು ಅವಳ ತೆಲುಗು. ಸಾಹೇಬರು ಹಾಸನದ ಕಡೆಯವರು, ತೆಲುಗು ಬಾರದು. ಆದರೂ ಹಿಡಿದುಕೊಂಡರು.

ಮಧುಶ್ರೀಗೆ ಹತ್ತು ವರ್ಷ, ಮಾತಿಲ್ಲ. ಅಮ್ಮ ಯಾರ ಕೈಗೆ ಕೊಟ್ಟು ಹೋಗುತ್ತಾಳೋ ಆ ಕೈಯನ್ನು ಅಮ್ಮ ಬರುವ ತನಕ ಬಿಡುವುದಿಲ್ಲ. ದಿನವೂ ಅದು ಕೊಲ್ಲಾಪುರಮ್ಮನ ಎಡಗೈ, ಬಲಗೈಯಲ್ಲಿ ಆಕೆ ಉಳಿದ ಕೆಲಸವನ್ನೆಲ್ಲ ಮಾಡುತ್ತಾರೆ. ಇವತ್ತು ಸಿಕ್ಕಿದ್ದು ಸಾಹೇಬರ ಬಲಗೈ. ಅವರು ಮೆಲ್ಲಗೆ ಬಿಡಿಸಿಕೊಳ್ಳಲು ನೋಡಿದರು, ಹುಡುಗಿ ಇನ್ನೂ ಬಿಗಿಯಾಗಿ ಹಿಡಿದಳು.

“ಎಳೀಬ್ಯಾಡಿ ಸಾ, ಅಳ್ತದೆ,” ಎಂದು ಕೊಲ್ಲಾಪುರಮ್ಮ ಒಳಗೆ ಹೋದರು.

ಪೆನ್ನು ಹಿಡಿಯುವ ಕೈಯೇ ಹೋದ ಮೇಲೆ ತಪಾಸಣೆ ಹೇಗೆ? ಸಾಹೇಬರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಇಳಿಜಾರು ಇದೆ. ಶೌಚಾಲಯದಲ್ಲಿ ಹಿಡಿದುಕೊಳ್ಳಲು ಕಂಬಿ ಇದೆ. ಯಾವ ಮಗುವಿಗೆ ಯಾವ ಮಾತ್ರೆ ಎಂದು ಗೋಡೆಯ ಮೇಲೆ ಇದೆ. ಅಷ್ಟಕ್ಕೆ ಮುಗಿದಿತ್ತು, ಆದರೆ ಅವರು ಹೊರಡುವಂತಿರಲಿಲ್ಲ. ಬೆಳಕು ಹರಿಯಿತು. ಕದರಪ್ಪ ಎಲ್ಲರಿಗೂ ರಾಗಿ ಅಂಬಲಿಯ ಲೋಟ ಹಂಚಿದ, ಸಾಹೇಬರು ಎಡಗೈಯಲ್ಲಿ ಕುಡಿದರು. ಒಬ್ಬ ಹುಡುಗನಿಗೆ ಫಿಟ್ಸ್ ಬಂತು. ಕೊಲ್ಲಾಪುರಮ್ಮ ಅವನನ್ನು ಮಗ್ಗುಲಾಗಿಸಿ ಮಲಗಿಸಿ, ಗಡಿಯಾರ ನೋಡುತ್ತಾ ಪಕ್ಕದಲ್ಲೇ ಕೂತರು. ಅವನು ಕಣ್ಣು ಬಿಟ್ಟ ಮೇಲೆಯೇ ಎದ್ದದ್ದು. ಸಾಹೇಬರು ಆಗಲೂ ಗೋಡೆಗೊರಗಿ ನಿಂತೇ ಇದ್ದರು, ಮಧುಶ್ರೀ ಅವರ ಕೈಗೆ ಕೆನ್ನೆಯೊತ್ತಿಕೊಂಡಿದ್ದಳು.

ಟೆಂಪೋ ಬಂತು. ಹುಡುಗಿ ಕೈಬಿಟ್ಟು, ಸಾಹೇಬರ ಕಡೆ ತಿರುಗಿಯೂ ನೋಡದೆ ಅಮ್ಮನ ಹತ್ತಿರ ಓಡಿದಳು. ಅವರು ಕೈ ಕೊಡವಿಕೊಂಡರು, ಬೆರಳು ಮಡಚಿ ಬಿಡಿಸಿದರು, ನನ್ನಿಂದ ಪೆನ್ನು ತೆಗೆದುಕೊಂಡರು. ‘ಕೇಂದ್ರದ ವೇಳೆ’ ಎಂಬಲ್ಲಿ ತಾವೇ ಬರೆದರು: ಬೆಳಿಗ್ಗೆ ೫.೩೦ರಿಂದ ೧೦.೩೦. ಅದರ ಮುಂದೆ, ಹಗಲು.

ಸರ್ಟಿಫಿಕೇಟು ಬಂದ ದಿನ ಕೊಲ್ಲಾಪುರಮ್ಮ ಅದನ್ನು ನನ್ನ ಅಂಗಡಿಗೆ ತಂದರು. ಫ್ರೇಮು ಹಾಕಿಸಿ ಎಂದು ನಾನು ಸಲಹೆ ಕೊಟ್ಟೆ. ಸಲಹೆ ಕೊಡುವ ಚಾಳಿ ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ. ಆಕೆ ಜೆರಾಕ್ಸ್ ಕೇಳಿದರು, ಒಬ್ಬೊಬ್ಬ ತಾಯಿಗೂ ಒಂದೊಂದು.

ಅವರಿಗೆ ಯಾಕೆ ಎಂದೆ.

“ಅಲ್ಲಿ ಕತ್ಲಲ್ಲಿ ನೀರ್ ಪೈಪ್ ಇಡ್ಕಂಡ್ ನಿಂತಿರ್ತಾರಲ್ಲಣ್ಣ,” ಎಂದರು, “ಮಗ ಎಲ್ಲೈತೆ ಅನ್ನೋದು ಅವ್ರ್ ಚೀಲ್ದಾಗೂ ಇರ್ಲಿ.”