ವಾಲ್ವಣ್ಣನ ನಾಲ್ಕು ದಿನದ ರಜೆ

ಮೂವತ್ತು ವರ್ಷದಲ್ಲಿ ವಾಲ್ವಣ್ಣ ಕೇಳಿದ್ದು ಒಂದೇ ರಜೆ, ಅದೂ ನಾಲ್ಕೇ ದಿನದ್ದು. ಮಗಳಿಗೆ ಚೊಚ್ಚಲ ಹೆರಿಗೆ. ಹೆಂಡತಿ ಆಗಲೇ ಮಗಳ ಊರಿಗೆ ಹೋಗಿ ಕೂತಿದ್ದಳು. ಮಗು ಹುಟ್ಟಿದ ಕೂಡಲೇ ತಾನೇ ಮೊದಲು ಎತ್ತಿಕೊಳ್ಳಬೇಕು ಅನ್ನೋದು ಇವನ ಆಸೆ.

ಇವನ ಕೆಲಸ ಬೀದಿಬೀದಿಗೆ ನೀರು ಬಿಡೋದು. ಹಿಂದಿನ ಓಣಿಯ ಉದ್ದನೆ ಗೋಡೆಯ ಬುಡದಲ್ಲಿ ಹನ್ನೊಂದು ವಾಲ್ವು. ಎಲ್ಲವೂ ಮುದಿ, ಒಂದೊಂದಕ್ಕೂ ಒಂದೊಂದು ಚಾಳಿ. ಒಂದಕ್ಕೆ ಏಳು ಸುತ್ತು ಬೇಕು. ಇನ್ನೊಂದು ಎರಡು ಸುತ್ತು ದಾಟಿತೋ, ಕೆಳಗಿನ ಬೀದಿಯ ಪೈಪು ಢಮಾರ್! ಯಾವುದಕ್ಕೆ ಎಷ್ಟು ಸುತ್ತು ಅಂತ ಅದರದರ ನೇರಕ್ಕೆ ಗೋಡೆ ಮೇಲೆ ಕೆಂಪು ಗೀಟು ಎಳೆದಿಟ್ಟಿದ್ದ. ಬದಲಿಗೆ ಬಂದವನಿಗೆ "ಗೀಟು ಎಣಿಸು, ಅಷ್ಟೇ ತಿರುಗಿಸು" ಅಂತ ಹೇಳಿ ಬಸ್ಸು ಹತ್ತಿದ.

ಮಾರನೇ ದಿನವೇ ವಿಶ್ವವಿದ್ಯಾಲಯದ ಮಕ್ಕಳು ಬಡಾವಣೆಯ ಉದ್ಧಾರಕ್ಕೆ ಇಳಿದರು. ಇಪ್ಪತ್ತೆರಡು ಜನ, ಒಂದೇ ಬಣ್ಣದ ಟೀ ಶರ್ಟು. ಸಮಾಜಸೇವೆಗೆ ಹತ್ತು ಮಾರ್ಕ್ಸ್ ಇದೆಯಂತೆ. ಪಾಪ, ಸೇವೆ ಮಾಡದೆ ಹೇಗಿದ್ದಾರು! ಮನೆಮನೆ ಸುತ್ತಿ ಸರ್ವೆ ಮಾಡಿದರು, ಬೀದಿನಾಯಿಗಳನ್ನೊಂದು ಬಿಟ್ಟು ಎಲ್ಲರನ್ನೂ ಕೇಳಿದರು. ನೀರು ಬಿಡೋನು ಯಾರು ಅನ್ನೋ ಪ್ರಶ್ನೆ ಮಾತ್ರ ಫಾರಂನಲ್ಲಿ ಇರಲಿಲ್ಲ. ಗೀಟು ಕಂಡು "ಛೀ, ಯಾರೋ ಗೋಡೆ ಹಾಳು ಮಾಡಿದ್ದಾರೆ" ಅಂದರು. ಎರಡು ಕೋಟು ನೀಲಿ ಬಳಿದು, ಹಲ್ಲು ಕಿರಿಯುವ ದೊಡ್ಡದೊಂದು ನೀರಿನ ಹನಿ ಬಿಡಿಸಿ, ಕೆಳಗೆ "ನೀರು ಉಳಿಸಿ" ಅಂತ ಬರೆದರು.

ಮರುದಿನ ಮೇಲಿನ ಬೀದಿಯಲ್ಲಿ ಉಳಿಸೋಕೆ ಅಂತ ಒಂದು ತಂಬಿಗೆ ನೀರೂ ಇರಲಿಲ್ಲ. ಕೆಳಗಿನ ಬೀದಿಯಲ್ಲಿ ಪೈಪು ಒಡೆದು ಕಾರಂಜಿ. ಬದಲಿಯವನು ತಲೆ ಮೇಲೆ ಕೈ ಹೊತ್ತು ಕೂತ. ಇಂಜಿನಿಯರ್ ಸಾಹೇಬರ ಫೋನು ಬಂದಾಗ ವಾಲ್ವಣ್ಣ ಆಸ್ಪತ್ರೆಯ ಬೆಂಚಿನ ಮೇಲಿದ್ದ, ಮಗಳು ಹೆರಿಗೆ ಕೋಣೆಯೊಳಗಿದ್ದಳು.

"ಈಗಲೇ ಬರದಿದ್ರೆ ನಾಳೆಯಿಂದ ಬರಲೇಬೇಡ" ಅಂದರು ಸಾಹೇಬರು. ವಾಲ್ವಣ್ಣ ಹೆರಿಗೆ ಕೋಣೆಯ ಬಾಗಿಲನ್ನೊಮ್ಮೆ ನೋಡಿ ಎದ್ದ. ಮೂರು ಗಂಟೆ ಬಸ್ಸಿನಲ್ಲಿ ನಿಂತುಕೊಂಡೇ ಬಂದ.

ಒಂದೊಂದೇ ವಾಲ್ವು ತಿರುಗಿಸಿ, ಕೈಯ ಅಂದಾಜಿನಲ್ಲೇ ಸುತ್ತು ಎಣಿಸಿ, ಮೊಳೆಯಿಂದ ಗೋಡೆ ಮೇಲೆ ಗೀಟು ಕೆರೆಯತೊಡಗಿದ. ಏಳು ಗೀಟು ಸರಿಯಾಗಿ ಹನಿಯ ಹಲ್ಲಿನ ಮೇಲೇ ಬಂದವು. ಟೀ ಶರ್ಟಿನ ಹುಡುಗಿಯೊಬ್ಬಳು ಓಡಿ ಬಂದಳು.

"ಅಯ್ಯೋ ಅಂಕಲ್, ಏನ್ ಮಾಡ್ತಿದ್ದೀರಾ? ನಾಳೆ ಮಾರ್ಕ್ಸ್ ಹಾಕೋಕೆ ಮೇಷ್ಟ್ರು ಬರ್ತಾರೆ!"

"ಬರಲಿ ತಾಯಿ. ಸ್ನಾನ ಮುಗಿಸ್ಕೊಂಡೇ ಬರೋಕೆ ಹೇಳು, ಇಲ್ಲಿ ನೀರಿಲ್ಲ."

ಅವಳಿಗೆ ಅರ್ಥವಾಯಿತೋ ಇಲ್ಲವೋ, "ಸ್ವಲ್ಪ ಚಿಕ್ಕದಾಗಿ ಕೆರೀರಿ ಪ್ಲೀಸ್" ಅಂದಳು. ಅಷ್ಟರಲ್ಲಿ ಹೆಂಡತಿಯ ಫೋನು.

"ಹೆಣ್ಣು ಮಗು. ಯಾವಾಗ ಬರ್ತೀರಿ?"

ವಾಲ್ವಣ್ಣ ಗೋಡೆ ಕಡೆ ನೋಡಿದ. "ಇನ್ನೂ ನಾಲ್ಕು ವಾಲ್ವು ಬಾಕಿ ಇದೆ ಕಣೇ."

ಆ ಕಡೆ ಮಗು ಅಳೋದು ಕೇಳಿಸುತ್ತಿತ್ತು.

"ಮುಗಿಸ್ಕೊಂಡೇ ಬನ್ನಿ" ಅಂದಳು ಹೆಂಡತಿ. "ಇವಳಿಗೇನು ಅವಸರ? ಹೇಗೂ ಇವಳ ಮದುವೆ ಹೊತ್ತಿಗೆ ಬಂದುಬಿಡ್ತೀರಲ್ಲ."