ಗುರುವಾರದ ಬಾಳೆಹಣ್ಣು

ನಾಗಾವಿ ಹತ್ತಿರದ ಒಂದು ಬೆಳೆ ಸಂಶೋಧನಾ ಕೇಂದ್ರದಲ್ಲಿ ದಾವಲಬಿ ಹನ್ನೊಂದು ವರ್ಷದಿಂದ ಕುಂಡ ತೊಳೆದು, ಮಣ್ಣು ತುಂಬಿ, ಗಿಡಗಳಿಗೆ ನೀರು ಹಾಕುತ್ತ ಬಂದವಳು. ಓದು ಬಾರದಿದ್ದರೂ ಯಾವ ಕುಂಡ ಯಾವ ಸಾಲಿನದೆಂದು ಅವಳಿಗೆ ಗೊತ್ತು. ಎರಡು ವರ್ಷದಿಂದ ಅವಳ ಪಾಲಿಗಿದ್ದದ್ದು ಪಿಎಚ್.ಡಿ. ಮಾಡುತ್ತಿದ್ದ ಶಿವರಂಜನಿಯ ಮೆಣಸಿನ ಗಿಡಗಳು.

ಮೊದಲ ದಿನವೇ ಶಿವರಂಜನಿ ಹೇಳಿದ್ದಳು: “ಚಾಚಿ, ಈ ಗಿಡದಾಗ ಒಂದ ಮನಿತನದ ಮೂವತ್ತೊಂದು ಜೀನ್ ಅದಾವು. ಅಣ್ಣತಮ್ಮಂದಿರು ಅಂತ ತಿಳಕೋರಿ. ಗಿಡಕ್ಕ ಒಂದು ಹಾರ್ಮೋನ್ ಸೋಕಿದ್ರ ಹೂ ಉದುರ್ತಾವು. ಆಗ ಇವರೊಳಗ ಯಾರು ಏಳ್ತಾರ, ಯಾರು ಮಲಗೇ ಇರ್ತಾರ, ನಾ ನೋಡಬೇಕು.”

“ನಮ್ಮ ಮನ್ಯಾಗ ಆರು ಮಂದಿ ಗಂಡಸರ್ರಿ ಅಕ್ಕಾರ. ಎಷ್ಟು ಒದರಿದ್ರೂ ಏಳಾವ ಒಬ್ಬನ,” ಎಂದು ದಾವಲಬಿ ನಕ್ಕಿದ್ದಳು.

ಈ ಬೇಸಿಗೆಯಲ್ಲಿ ಕಡೆಯ ಪರೀಕ್ಷೆ. ಆ ಹಾರ್ಮೋನಿನ ಔಷಧ ಸಿಂಪಡಿಸಿದ ಗಿಡಗಳು ಒಂದು ಕೋಣೆಯಲ್ಲಿ, ಹೋಲಿಸಿ ನೋಡಲು ಬರೀ ನೀರು ಸಿಂಪಡಿಸಿದವು ಇನ್ನೊಂದರಲ್ಲಿ. ಅದೇ ವಾರ ದಾವಲಬಿಯ ಹರಕೆಯಿತ್ತು. ಮೊಮ್ಮಗಳು ಅಲ್ಫಿಯಾ ಜ್ವರದಿಂದ ಎದ್ದಿದ್ದಳು. ಗುರುವಾರ ಫಾತೇಹಾ ಓದಿಸಿ ಹಣ್ಣು ಹಂಚಬೇಕು. ಮಂಗಳವಾರ ಕೊಂಡ ಮಾಗಿದ ಬಾಳೆಗೊನೆ ತಗಡಿನ ಮನೆಯ ಕಾವಿಗೆ ಉಳಿಯುವಂತಿರಲಿಲ್ಲ. ಔಷಧ ಸೋಕದ ಶುದ್ಧ ಜಾಗವೆಂದು, ನೀರಿನ ಗಿಡಗಳ ತಂಪು ಕೋಣೆಯಲ್ಲೇ ಹಲಗೆಯ ಕೆಳಗೆ ಗೋಣಿತಟ್ಟು ಮುಚ್ಚಿ ಇಟ್ಟಳು. ಗುರುವಾರ ಹಂಚಿದಾಗ ಶಿವರಂಜನಿಯೂ ಕಣ್ಣಿಗೊತ್ತಿಕೊಂಡು ಒಂದು ಹಣ್ಣು ತಿಂದಳು.

ಸೋಮವಾರ ಶಿವರಂಜನಿ ಆ ಕೋಣೆಯ ನೆಲಕ್ಕೆ ಕುಳಿತು ಉದುರಿದ ಬಿಳಿ ಹೂಗಳನ್ನು ಆರಿಸುತ್ತಿದ್ದಳು.

“ನೀರು ಹಾಕಿದ ಗಿಡಾನೂ ಹೂ ಉದುರಿಸ್ಯಾವು ಚಾಚಿ. ನಾನ ಬಾಟ್ಲಿ ಅದಲುಬದಲು ಮಾಡೇನಿ. ಎರಡು ವರ್ಷದ ಕೆಲಸ ಹೋತು.”

“ಅದೇನು ಔಷಧರಿ ಅಕ್ಕಾರ?”

“ವಿಷ ಅಲ್ರಿ. ಹಣ್ಣು ಮಾಗಸೋ ಗಾಳಿ ಬಿಡೋ ಔಷಧ. ಮಾಗಿದ ಹಣ್ಣಿಂದನೂ ಆ ಗಾಳಿ ಬರ್ತೈತಿ.”

ಗಡಿಗೆಯ ಕಾಯಿಗಳು ಮಾಗಲೆಂದು ಅವುಗಳ ನಡುವೆ ತಾಯಿ ಒಂದು ಹಣ್ಣು ಇಟ್ಟು ಬಾಯಿ ಕಟ್ಟುತ್ತಿದ್ದುದು ದಾವಲಬಿಗೆ ನೆನಪಾಯಿತು. ನೀರು ಹಾಕುವ ಝಾರಿಯನ್ನು ಹಲಗೆಯ ಮೇಲಿಟ್ಟಳು. ಸೀದಾ ಮನೆಗೆ ಹೋದಳು.

ಕೆಲಸ ಹೋದೀತೆಂಬ ಅಂಜಿಕೆ ಇತ್ತು. ಅದಕ್ಕಿಂತ ದೊಡ್ಡದು ಇನ್ನೊಂದು: ದೇವರ ಹೆಸರಿನ ಹಣ್ಣಿನಿಂದ ಕೇಡಾಯಿತೆಂದು ಬಾಯಿಬಿಟ್ಟು ಹೇಳುವುದು ಹೇಗೆ? ನಮಾಜಿಗೆ ಕುಳಿತರೂ ಹೂ ಆರಿಸುವ ಆ ಬೆರಳುಗಳೇ ಕಾಣುತ್ತಿದ್ದವು. ಹಣ್ಣಿನದು ತಪ್ಪಲ್ಲ, ಇಟ್ಟವಳದು ಎಂದು ಬೆಳಗಿನ ಹೊತ್ತಿಗೆ ಮನಸ್ಸು ಗಟ್ಟಿಯಾಯಿತು.

ದಾವಲಬಿ ಎಲ್ಲ ಹೇಳಿದಾಗ ಶಿವರಂಜನಿ ಹಲಗೆಯ ಕೆಳಗೆ ಬಗ್ಗಿ ನೋಡಿದಳು.

“ನಾನೂ ಒಂದು ತಿಂದೆನಲ್ರಿ ಚಾಚಿ,” ಎಂದು ನಗಲು ಹೋಗಿ ಅತ್ತಳು. ಆಮೇಲೆ ನೋಟ್‌ಬುಕ್ ತೆಗೆದಳು. “ಎಂದ ಇಟ್ರಿ, ಎಂದ ತಗದ್ರಿ? ನಿಮ್ಮ ಹೆಸರು ಬರಿಲ್ಯಾ, ಬ್ಯಾಡಾ?”

“ಬರೀರಿ. ಇಟ್ಟಾಕಿ ನಾನ ಅಲ್ಲ?”

ಬಾಟ್ಲಿಯ ತಪ್ಪಲ್ಲವೆಂದು ಗೊತ್ತಾದ ಮೇಲೆ ಮೇಲಿನವರು ಮತ್ತೊಮ್ಮೆ ಬಿತ್ತಲು ಒಪ್ಪಿದರು. ಆದರೆ ಪಿಎಚ್.ಡಿ. ಮುಗಿಸಲು ಶಿವರಂಜನಿಗೆ ಉಳಿದದ್ದು ನಾಲ್ಕೇ ತಿಂಗಳು. ಕೋಣೆಗೆ ಬೀಗ ಬಿತ್ತು. ದಾವಲಬಿಯ ಪಾಲಿಗೆ ಅಂಗಳ ಗುಡಿಸುವ ಕಸಬರಿಗೆ ಬಂತು.

ಈಗ ದಿನಾ ಅವಳು ಕೋಣೆಯ ಕಿಟಕಿಯ ಗಾಜಿನ ಆಚೆ ನಿಂತು ಹೊಸ ಸಸಿಗಳನ್ನು ನೋಡುತ್ತಾಳೆ. ಗುರುವಾರ ಮಾತ್ರ ಕಿಟಕಿಯ ಹತ್ತಿರ ಸುಳಿಯುವುದಿಲ್ಲ; ಮನೆಯಲ್ಲಿ ವಾರವಾರದ ಫಾತೇಹಾಕ್ಕೆ ಹಣ್ಣು ಮುಟ್ಟಿರುತ್ತಾಳಲ್ಲ, ಅದರ ಗಾಳಿ ಸಸಿಗಳಿಗೆ ಸೋಕೀತು.