ಬಾಣಂತಿ ಮರ

ನಶ್ಯದ ಪುಡಿಯನ್ನು ಕೊಬ್ಬರಿ ಎಣ್ಣೆಗೆ ಕಲಸಿ ಬೆಚ್ಚಗೆ ಮಾಡಿದರೆ ಒಂದು ವಾಸನೆ ಏಳುತ್ತದೆ, ಮೂಗಿನೊಳಗೆ ಉರಿದು ಕಣ್ಣಲ್ಲಿ ನೀರು ತರಿಸುವಂಥದ್ದು. ಬಿಸಿಲೆಯ ಕಾಡಿಗೆ ಹೋಗುವವರು ರಕ್ತ ಹೀರುವ ಇಂಬಳ ಹತ್ತದಿರಲೆಂದು ಮೊಣಕಾಲಿನವರೆಗೆ ಅದನ್ನು ಬಳಿದುಕೊಳ್ಳುತ್ತಾರೆ. ಈಗ ನನ್ನ ಮನೆಯಲ್ಲಿ ಉಳಿದುಕೊಳ್ಳುವ ಪ್ರವಾಸಿಗಳಿಗೆ ನಾನೇ ಕಲಸಿಕೊಡುತ್ತೇನೆ. ಅವರು ಮೂಗು ಮುಚ್ಚಿಕೊಂಡು ನಗುತ್ತಾರೆ. ನನಗೆ ಮಾತ್ರ ಆ ವಾಸನೆ ಬಂದ ಕೂಡಲೇ ಅಜ್ಜಿಯ ಒಲೆ, ಒಲೆಯ ಮುಂದೆ ಕಾಲು ಚಾಚಿ ಕುಳಿತ ಅಪ್ಪ, ಅವನ ಹಿಮ್ಮಡಿಗೆ ಎಣ್ಣೆ ಹಚ್ಚುತ್ತ ಬೈಯುತ್ತಿದ್ದ ಅವಳ ದನಿ, ಎಲ್ಲ ಒಟ್ಟಿಗೆ ಬರುತ್ತವೆ. ಕಾಡಿನ ಅಂಚಿನಲ್ಲಿ ನಮ್ಮದು ಮೂರೇ ಜನರ ಮನೆ. ಅವ್ವ ನನ್ನನ್ನು ಹೆತ್ತ ಹನ್ನೊಂದನೆಯ ದಿನ ತೀರಿಕೊಂಡಿದ್ದಳು. ಅಪ್ಪನಿಗೆ ಮೂವತ್ತು ದಾಟಿದ್ದರೂ ಅಜ್ಜಿಯ ಪಾಲಿಗೆ ಅವನು ಕಾಲು ತೊಳೆಯದೆ ಒಳಗೆ ಬರುವ ಹುಡುಗನೇ. ಆ ಮನೆ ಈಗಿಲ್ಲ. ಗೋಡೆಯಿದ್ದ ಜಾಗದಲ್ಲಿ ಲಂಟಾನ ಬೆಳೆದಿದೆ. ಮದುವೆಯಾಗಿ ಮರಳಿ ಇದೇ ಊರಿಗೆ ಬಂದರೂ ಆ ಕಡೆ ನಾನು ಹೆಚ್ಚು ಹೋಗುವುದಿಲ್ಲ.

ಅಪ್ಪ ಕಾಡಿನಿಂದ ರಾಮಪತ್ರೆ, ಉಪ್ಪಾಗೆ, ಜೇನು ತರುತ್ತಿದ್ದ. ಬೇಸಿಗೆಯಲ್ಲಿ ನನ್ನನ್ನೂ ಕರೆದೊಯ್ಯುತ್ತಿದ್ದ. ಈ ಕಾಡು ಎಷ್ಟು ಹಳೆಯದೆಂದು ಈಗ ಓದಿದವರು ಬಂದು ನನಗೇ ವಿವರಿಸುತ್ತಾರೆ. ಅಜ್ಜಿ "ನಮ್ ದೇವ್ರಿಗಿಂತ ಮುಂಚಿಂದು" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. ನಡುಮಧ್ಯಾಹ್ನವೂ ಅಲ್ಲಿ ನೆಲಕ್ಕೆ ಬೀಳುತ್ತಿದ್ದುದು ಅಂಗೈಯಗಲದ ಬಿಸಿಲು. ಕೊಳೆತ ಎಲೆಯ ತಂಪು ವಾಸನೆ, ಮೇಲೆ ಕೇಸರ ಕೆದರಿಕೊಂಡು ಕೂತ ಸಿಂಗಳೀಕಗಳ ಗುಂಪು, ಉದ್ದ ಬಾಲ ಬೀಸಿ ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೆಂದಳಿಲು. ಇದ್ದಕ್ಕಿದ್ದಂತೆ ತಲೆಯ ಮೇಲೆ ಮೊರದಲ್ಲಿ ಭತ್ತ ಕೇರಿದಂಥ ಸದ್ದು. ಅದು ದೊಡ್ಡ ಮಂಗಟ್ಟೆಯ ರೆಕ್ಕೆ. ಅಪ್ಪ ನನ್ನ ಹೆಗಲು ಹಿಡಿದು ನಿಲ್ಲಿಸುತ್ತಿದ್ದ. ಆ ಹಕ್ಕಿಯ ಸಂಸಾರವೇ ಬೇರೆ. ಮೊಟ್ಟೆಯಿಡುವ ಹೊತ್ತಿಗೆ ಹೆಣ್ಣು ಮರದ ಪೊಟರೆ ಹೊಕ್ಕು ಬಾಗಿಲನ್ನು ಒಳಗಿನಿಂದ ಮೆತ್ತಿಕೊಳ್ಳುತ್ತದೆ; ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳು ಉದುರುತ್ತವೆ. ಮತ್ತೆ ಗರಿ ಬರುವ ತನಕ ಗಂಡು ಹಣ್ಣು ತಂದು ಆ ಸೀಳಿನಲ್ಲಿ ಉಣಿಸಬೇಕು. ಅಂಥ ಮರಕ್ಕೆ ನಮ್ಮ ಮನೆಯಲ್ಲಿ ಬಾಣಂತಿ ಮರ ಎನ್ನುತ್ತಿದ್ದೆವು. ಅದರ ಹತ್ತಿರ ಸೌದೆ ಕಡಿಯುವಂತಿಲ್ಲ, ಕೂಗುವಂತಿಲ್ಲ, ಎಲ್ಲಿದೆ ಎಂದು ಹೊರಗಿನವರಿಗೆ ಹೇಳುವಂತಿಲ್ಲ. "ಬಾಣಂತಿ ಬಾಗ್ಲಿಗೆ ಪರರ್ನ ಕರ್ಕೊಂಡ್ ಹೋಗ್ಬಾರ್ದು ಕಣೇ," ಎನ್ನುತ್ತಿದ್ದಳು ಅಜ್ಜಿ. ಸೊಸೆಯನ್ನು ಬಾಣಂತನದಲ್ಲೇ ಕಳೆದುಕೊಂಡವಳಿಗೆ ಅದು ಬರೀ ಹಕ್ಕಿಯ ಮಾತಾಗಿರಲಿಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ ಪೇಟೆಯಿಂದ ಒಬ್ಬಾತ ಕ್ಯಾಮೆರಾ ಹೊತ್ತು ಬಂದ. ಆಗ ಫೋಟೋ ಸಾಹೇಬ್ರು ಎನ್ನುತ್ತಿದ್ದೆವು; ಈಗ ಆ ಮರ್ಯಾದೆ ನನ್ನ ಬಾಯಿಗೆ ಬರುವುದಿಲ್ಲ. ಹತ್ತು ದಿನ ನಮ್ಮ ಜಗುಲಿಯಲ್ಲಿ ಮಲಗಿದ, ಅಜ್ಜಿಯ ಕೈಯ ಅಕ್ಕಿರೊಟ್ಟಿಯನ್ನು ಕೇಳಿ ಕೇಳಿ ಹಾಕಿಸಿಕೊಂಡ. ಅಪ್ಪ ಹೇಳಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡ. ಓದು ಬಾರದ ನನ್ನಪ್ಪನ ಮಾತನ್ನು ಅದುವರೆಗೆ ಯಾರೂ ಬರೆದುಕೊಂಡಿರಲಿಲ್ಲ. "ನಿನ್ನ ಹೆಸರು ನಾಲ್ಕು ಜನಕ್ಕೆ ಗೊತ್ತಾಗಬೇಕು ಮಾರಾಯ, ಇಲ್ಲಿ ಬರೆದಿಟ್ಟಿದ್ದೇನೆ ನೋಡು," ಎಂದ. ಅಪ್ಪ ಉಬ್ಬಿಹೋದ. ಮರುದಿನವೇ ಕರೆದುಕೊಂಡು ಹೋಗಿ ಧೂಪದ ಮರವೊಂದರಲ್ಲಿದ್ದ ಗೂಡನ್ನು ತೋರಿಸಿಬಿಟ್ಟ. ದೂರದಲ್ಲಿ ಸೊಪ್ಪಿನ ಮರೆ ಕಟ್ಟಿಕೊಟ್ಟು, ಇದರಿಂದ ಮುಂದೆ ಹೋಗಬೇಡಿ ಎಂದು ಕೈಮುಗಿದ. ಎರಡು ದಿನ ಆತ ಮಾತು ಕೇಳಿದ. ಮೂರನೆಯ ದಿನ ಅಪ್ಪ ನೆಂಟರ ತಿಥಿಗೆಂದು ಮಾರನಹಳ್ಳಿಗೆ ಹೋಗಿದ್ದಾಗ ನಮ್ಮದೇ ಕತ್ತಿ ತೆಗೆದುಕೊಂಡು ಒಬ್ಬನೇ ಕಾಡಿಗೆ ಹೋದ. ಸಂಜೆ ನಗುನಗುತ್ತ ಬಂದು, ಮರುದಿನ ಬೆಳಿಗ್ಗೆ ಬಸ್ಸು ಹತ್ತಿದ. ಅಪ್ಪ ಮರದ ಹತ್ತಿರ ಹೋದ ಮೇಲೆ, ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಏನೆಂದು ನಮಗೆ ಗೊತ್ತಾಯಿತು. ಬೆಳಕಿಗೆ ಅಡ್ಡ ಬಂದ ಕೊಂಬೆಗಳನ್ನೆಲ್ಲ ಆತ ಸವರಿಹಾಕಿದ್ದ. ಹೆಣ್ಣು ಕೊಕ್ಕು ಹೊರಚಾಚಲೆಂದು ಕತ್ತಿಯ ಬೆನ್ನಿನಿಂದ ಕಾಂಡಕ್ಕೆ ಬಡಿದ ಗುರುತುಗಳು ಸಾಲಾಗಿದ್ದವು.

ಬಯಲಾದ ಆ ಮರಕ್ಕೆ ಗಂಡು ಮತ್ತೆ ಬರಲಿಲ್ಲ. ಅಪ್ಪ ದಿನವೂ ಹೋಗಿ ದೂರದಲ್ಲಿ ಕಾದ. ಆರನೆಯ ದಿನ ನೋಡಿದರೆ ಹೆಣ್ಣು ಹಸಿವು ತಾಳದೆ ಬಾಗಿಲು ಒಡೆದುಕೊಂಡು ಕೆಳಗೆ ಬಿದ್ದಿತ್ತು. ಹಾರಲು ಗರಿಯಿಲ್ಲ. ಅವನು ಅದನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತಂದ. ನಾನು ಅಷ್ಟು ಹತ್ತಿರದಿಂದ ಆ ಹಕ್ಕಿಯನ್ನು ನೋಡಿದ್ದು ಅದೇ ಮೊದಲು. ಅದರ ಕಣ್ಣಿಗೆ ರೆಪ್ಪೆಗೂದಲಿತ್ತು, ನಮಗಿರುವ ಹಾಗೆಯೇ. ಅಜ್ಜಿ ಅವ್ವನ ಹಳೆಯ ಸೀರೆ ಹಾಸಿ ಮಲಗಿಸಿದಳು, ಅತ್ತಿಹಣ್ಣು ಹಿಸುಕಿ ಕೊಕ್ಕಿಗೆ ಹಿಡಿದಳು. ಅದು ನುಂಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕತ್ತು ಚೆಲ್ಲಿತ್ತು. "ಬಾಣಂತಿನ ಬೀದಿಗೆ ತಂದ್ಬುಟ್ಟೆ ಕಣೋ," ಎಂದಳು ಅಜ್ಜಿ. ಮಗನೊಂದಿಗೆ ಅವಳು ಆಡಿದ ಕೊನೆಯ ಮಾತು ಅದು. ಅನ್ನ ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಮಾತಿಲ್ಲ. ಎರಡು ವರ್ಷದ ನಂತರ ಸಾಯುವಾಗಲೂ ನನ್ನ ಕೈ ಹಿಡಿದುಕೊಂಡಳು, ಅವನ ಕಡೆ ತಿರುಗಲಿಲ್ಲ. ಅಪ್ಪ ಮತ್ತೆ ಕಾಡಿಗೆ ಕಾಲಿಡಲಿಲ್ಲ. ಅಜ್ಜಿ ಹೋದ ಮೇಲೆ ನನ್ನನ್ನು ಕರೆದುಕೊಂಡು ಕುಂದೂರಿನ ಕಡೆ ಹೋಗಿ ಶುಂಠಿ, ಆಲೂಗಡ್ಡೆ ಹೊಲಗಳಲ್ಲಿ ದುಡಿದ. ಅಲ್ಲಿನವರು ಅವನನ್ನು ಬಿಸಿಲೆಯವ ಎಂದೇ ಕರೆದರು. ನಾನು ಫೋಟೋದವನಿಗೆ ಶಾಪ ಹಾಕಿದರೆ, "ಅವ್ರಿಗೇನ್ ಗೊತ್ತವ್ವ, ಗೊತ್ತಿದ್ದೋನು ನಾನು," ಎನ್ನುತ್ತಿದ್ದ. ಹಾಗೆ ಎನ್ನುತ್ತಲೇ ತೀರಿಕೊಂಡ. ಅವನು ಕ್ಷಮಿಸಿದ. ನಾನು ಕ್ಷಮಿಸಲಿಲ್ಲ. ಆತ ಎಂದಾದರೂ ಸಿಕ್ಕರೆ ಏನು ಹೇಳಬೇಕೆಂದು ಪಾತ್ರೆ ತೊಳೆಯುವಾಗಲೂ ಮನಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ.

ಹೋದ ಬೇಸಿಗೆಯಲ್ಲಿ, ಕಾಫಿ ಹೂವರಳಿಸುವ ಮೊದಲ ಮಳೆ ಬಿದ್ದು ಇಂಬಳ ಎದ್ದ ವಾರ, ಎಂಬತ್ತರ ಹತ್ತಿರದ ಮುದುಕನೊಬ್ಬ ಮೊಮ್ಮಗಳ ಕೈಹಿಡಿದು ನಮ್ಮಲ್ಲಿ ಉಳಿಯಲು ಬಂದ. ಮಗುವಿಗೆ ಮಂಗಟ್ಟೆಯ ಗೂಡು ತೋರಿಸಬೇಕೆಂದ. ಕಾಲಿಗೆ ಎಣ್ಣೆ ಬಳಿದುಕೊಳ್ಳುತ್ತ, ಮೊಬೈಲಿನಲ್ಲಿದ್ದ ತನ್ನ ಹಳೆಯ ಫೋಟೋ ತೋರಿಸಿದ. ಗಂಡು ಕೊಕ್ಕಿನ ತುದಿಯಲ್ಲಿ ಹಣ್ಣು ಹಿಡಿದಿದೆ, ಸೀಳಿನಿಂದ ಹೆಣ್ಣಿನ ಕೊಕ್ಕು ಚಾಚಿದೆ, ಮೂಲೆಯಲ್ಲಿ ಹಸಿ ಕೊಂಬೆ ಕಡಿದ ಬಿಳಿ ಗಾಯ. ಎಣ್ಣೆಯ ಬಟ್ಟಲನ್ನು ಕೆಳಗಿಟ್ಟೆ. ಇದೇನು ಸಾರ್ ಎಂದು ಆ ಗಾಯದ ಮೇಲೆ ಬೆರಳಿಟ್ಟು ಕೇಳಿದೆ. "ಅದಾ, ಕೊಂಬೆ ಅಡ್ಡ ಇತ್ತಮ್ಮ, ಸವರಿದೆ. ಅವತ್ತು ಗಂಡು ಒಂದೇ ಸಲ ಬಂದಿದ್ದು. ಇದೊಂದು ಚಿತ್ರದಿಂದ ನನಗೆ ಎಷ್ಟು ಹೆಸರು ಬಂತು ಗೊತ್ತಾ," ಎಂದ.

ನಾನು ಇಬ್ಬರನ್ನೂ ಕಾಡಿಗೆ ಕರೆದೊಯ್ದೆ. ಸಿಂಗಳೀಕ ತೋರಿಸಿದೆ, ಕೆಂದಳಿಲು ತೋರಿಸಿದೆ. ಆ ಹುಡುಗಿ ಬಾಯಿ ತೆರೆದು ನೋಡುತ್ತಿದ್ದಾಗ, ಒಂದು ಕಾಲದ ನನ್ನನ್ನೇ ಕಂಡಂತಾಗಿ ಸಂಕಟವಾಯಿತು. ಹಳ್ಳದ ದಡದಲ್ಲಿ ನಿಂತೆ. ಆಚೆ ದಡದಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಮರವಿತ್ತು, ಅದರೊಳಗೆ ಬಾಣಂತಿಯಿದ್ದಳು.

"ಗೂಡು ಐತೆ ಸಾರ್," ಎಂದೆ. "ಅವತ್ತು ನಿಮ್ಗೆ ಆ ಮರ ತೋರ್ಸಿದ್ದು ಯಾರು?"

"ಇಲ್ಲಿಯವನೇ ಒಬ್ಬ. ತುಂಬಾ ಒಳ್ಳೆ ಮನುಷ್ಯ."

"ಹೆಸ್ರು?"

"ಬರೆದುಕೊಂಡಿದ್ದೆ. ಈಗ ನೆನಪಿಲ್ಲಮ್ಮ."

"ನೆನಪ್ ಮಾಡ್ಕಳಿ. ಹೇಳುದ್ರೆ ಹಳ್ಳ ದಾಟುಸ್ತೀನಿ."

ಹೇಳಿದ್ದರೂ ದಾಟಿಸುತ್ತಿರಲಿಲ್ಲ. ಆತ ತಡಕಾಡುವುದನ್ನು ನೋಡಬೇಕಿತ್ತು, ಅಷ್ಟೆ. ಎರಡು ಮೂರು ಹೆಸರು ಹೇಳಿದ, ಎಲ್ಲ ತಪ್ಪು. ಆಮೇಲೆ ನಾನು ನಡೆದದ್ದನ್ನು ಹೇಳಿದೆ. ಕೆಳಗೆ ಬಿದ್ದ ಹಕ್ಕಿ, ಅವ್ವನ ಸೀರೆ, ಅಜ್ಜಿಯ ಮೌನ, ಕುಂದೂರಿನ ಹೊಲ, ಒಂದನ್ನೂ ಬಿಡದೆ, ಮೊಮ್ಮಗಳಿಗೆ ಕೇಳುವಂತೆ ನಿಧಾನವಾಗಿ ಹೇಳಿದೆ. ಆತ ಬಂಡೆಯ ಮೇಲೆ ಕೂತ. "ನನಗೆ ಗೊತ್ತಿರಲಿಲ್ಲಮ್ಮ," ಎಂದ. ಹುಡುಗಿ ಅಜ್ಜನ ಮುಖವನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಮಗುವಿನ ಮನಸ್ಸು ಮುರಿದದ್ದು ಪಾಪವಾದರೆ ಆ ಪಾಪ ನನಗಿರಲಿ.

ಹೊರಡುವಾಗ ಆತ ಜೀಪಿನ ಕಿಟಕಿಯಿಂದ ತಲೆ ಹೊರಹಾಕಿ, ಅವರ ಹೆಸರೊಂದನ್ನು ಹೇಳಮ್ಮ ಎಂದು ಬೇಡಿಕೊಂಡ. ನಾನು ಹೇಳಲಿಲ್ಲ. ಬರೆದುಕೊಂಡು ಮರೆತವನಿಗೆ ಎರಡನೆಯ ಸಲ ಕೊಡುವ ಹೆಸರಲ್ಲ ಅದು. ಅಜ್ಜಿ ಮಾತು ಬಿಟ್ಟ ದಿನದಿಂದ ಆ ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಕುಂದೂರಿನಲ್ಲಿ ಅವನನ್ನು ಮಣ್ಣು ಮಾಡಲು ಬಂದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬಿಸಿಲೆಯವ ಹೋದ ಎಂದರು. ನೀವು ಇಷ್ಟು ದೂರ ನನ್ನ ಜೊತೆ ಬಂದಿರಿ, ನಿಮಗೆ ಹೇಳುತ್ತೇನೆ. ದ್ಯಾವಯ್ಯ. ನನ್ನಪ್ಪನ ಹೆಸರು ದ್ಯಾವಯ್ಯ.